ಕಾಯಬಲ್ಲ ಕಾಳು

ಸಂಕ್ರಾಂತಿ ಕಳೆದ ಮೇಲೆ ಅರಸೀಕೆರೆ, ತಿಪಟೂರು, ಕುಣಿಗಲ್, ನಾಗಮಂಗಲದ ಕಡೆ ಹೋದರೆ ಎಪಿಎಂಸಿ ಗೇಟಿನ ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಟಾರ್ಪಾಲು ಹೊದಿಸಿದ ಚೀಲಗಳು, ಚೀಲದ ಮೇಲೆ ಕಂಬಳಿ ಹೊದ್ದು ಮಲಗಿದವರು, ಪಹಣಿ ಮತ್ತು ಆಧಾರ್ ಜೆರಾಕ್ಸ್ ಇಟ್ಟ ಪ್ಲಾಸ್ಟಿಕ್ ಕವರು ಹಿಡಿದು ತಮ್ಮ ಸರದಿ ಯಾವಾಗ ಎಂದು ವಿಚಾರಿಸುವವರು. ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳುವ ಕೇಂದ್ರಗಳಿವು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಲೆ ಕ್ವಿಂಟಲಿಗೆ ₹4,886.

ಸಾಲಿನಲ್ಲಿ ನಿಂತವರ ಕಷ್ಟ ಪ್ರತಿವರ್ಷ ಸುದ್ದಿಯಾಗುತ್ತದೆ. ಸಾಲಿಗೆ ಬಾರದೇ ಹೋದವರ ಸುದ್ದಿ ಯಾರಿಗೂ ತಲುಪುವುದಿಲ್ಲ. ಅವರು ಡಿಸೆಂಬರಿನಲ್ಲೇ, ಒಕ್ಕಣೆ ಮುಗಿದ ವಾರದೊಳಗೇ, ಕಣಕ್ಕೆ ಬಂದ ವ್ಯಾಪಾರಿಗೆ ರಾಗಿ ಅಳೆದು ಕೊಟ್ಟಿರುತ್ತಾರೆ. ಸ್ತ್ರೀಶಕ್ತಿ ಸಂಘದ ಕಂತು, ಗೊಬ್ಬರದಂಗಡಿಯ ಬಾಕಿ, ಮಗನ ಕಾಲೇಜಿನ ಫೀಸು ಇವು ಯಾವುವೂ ಫೆಬ್ರುವರಿಯವರೆಗೆ ತಡೆಯುವಂಥವಲ್ಲ. ಸುಗ್ಗಿಯ ಹೊತ್ತಿನ ಪೇಟೆ ಧಾರಣೆ ಸಾಮಾನ್ಯವಾಗಿ ಬೆಂಬಲ ಬೆಲೆಗಿಂತ ಕೆಳಗೇ ಇರುತ್ತದೆ. ಹೀಗೆ ಒಂದೇ ಊರಿನ, ಒಂದೇ ಮಳೆಯಲ್ಲಿ ಬೆಳೆದ, ಒಂದೇ ತಳಿಯ ರಾಗಿಗೆ ಎರಡು ಬೆಲೆ. ಒಂದು ಕಾಯಲು ಸಾಧ್ಯವಾದವರದು, ಇನ್ನೊಂದು ಆಗದವರದು.

ರಾಗಿಯ ಆರ್ಥಿಕತೆಯನ್ನು ಅರಿಯಲು ಹೊರಟರೆ ಹಿಡಿಯಬೇಕಾದ ಎಳೆ ಇದೇ ಎಂದು ನನಗೆ ಅನ್ನಿಸುತ್ತದೆ. ಕ್ವಿಂಟಲಿಗೆ ಎಷ್ಟು, ಎಕರೆಗೆ ಎಷ್ಟು ಎಂಬ ಲೆಕ್ಕ ಬೇಕೇಬೇಕು, ಮುಂದೆ ಅದನ್ನೂ ಮಾಡೋಣ. ಆದರೆ ಹಳೆ ಮೈಸೂರಿನ ಒಣಭೂಮಿಯ ಒಕ್ಕಲಿಗೆ ರಾಗಿ ಕೊಟ್ಟ ದೊಡ್ಡ ಆಸ್ತಿ ಕಾಯುವ ಶಕ್ತಿ. ಮಳೆಗೆ ಕಾಯುವ, ಬೆಲೆಗೆ ಕಾಯುವ, ಕೆಟ್ಟ ವರ್ಷ ದಾಟುವವರೆಗೆ ಕಾಯುವ ಶಕ್ತಿ. ಬೇರೆ ಯಾವ ಬೆಳೆಯೂ ಅದನ್ನು ಇಷ್ಟು ಅಗ್ಗವಾಗಿ ಕೊಟ್ಟಿಲ್ಲ.

ಮೊದಲು ಕಾಳನ್ನೇ ನೋಡಿ. ಸಾಸಿವೆಯಷ್ಟೇ ಸಣ್ಣದು. ಅಕ್ಕಿ, ಜೋಳದ ಕಾಳಿನೊಳಗೆ ಹುಳು ಮೊಟ್ಟೆಯಿಟ್ಟು ಮರಿ ಬೆಳೆಯುವಷ್ಟು ಜಾಗವಿದೆ. ರಾಗಿ ಕಾಳಿನಲ್ಲಿ ಅಂಥ ಜಾಗವಿಲ್ಲ. ರಾಶಿ ಹಾಕಿದರೆ ಕಾಳುಗಳ ನಡುವೆ ಗಾಳಿಯಾಡುವ ಸಂದೂ ಕಡಿಮೆ. ಮೇಲಿನ ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿಸಿದ ರಾಗಿ ಯಾವ ಔಷಧಿಯ ಹಂಗೂ ಇಲ್ಲದೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ನಮ್ಮ ಹಿಂದಿನವರು ಇದಕ್ಕಾಗಿ ನೆಲದಲ್ಲೇ ಹಗೇವು ತೋಡಿದರು. ಬಾಯಿ ಕಿರಿದು, ಒಳಗೆ ಗುಡಾಣದಂತೆ ಅಗಲ. ಗಟ್ಟಿ ನೆಲ ನೋಡಿ ತೋಡಿ, ತಳಕ್ಕೂ ಗೋಡೆಗೂ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ಕೆಟ್ಟಿರುತ್ತದೆಂದು ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಉಸಿರಾಡಲು ಆಮ್ಲಜನಕವೇ ಇಲ್ಲದ ಆ ಕತ್ತಲೆ ಹುಳುವಿಗೂ ಹೊಂದುತ್ತಿರಲಿಲ್ಲ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಒಣಬೇಸಾಯದಲ್ಲಿ ರಾಗಿಯದೇ ಮೊದಲ ಸ್ಥಾನ ಎಂದು ಗುರುತಿಸಿದ. ಅದಕ್ಕೂ ಎರಡು ಶತಮಾನ ಮೊದಲೇ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದಿದ್ದರು. ಭತ್ತವೂ ರಾಗಿಯೂ ತಮ್ಮಲ್ಲಿ ಯಾರು ಹೆಚ್ಚು ಎಂದು ಜಗಳಾಡುವ ಆ ಕಥೆಯನ್ನು ಜಾತಿಯ ಮೇಲುಕೀಳಿನ ಪ್ರಶ್ನೆಯಾಗಿ ಓದುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಶ್ರೀರಾಮ ಒಡ್ಡುವ ಪರೀಕ್ಷೆ ಯಾವುದು ಎಂದು ಗಮನಿಸಬೇಕು. ರುಚಿಯದಲ್ಲ, ಇಳುವರಿಯದಲ್ಲ, ನೈವೇದ್ಯಕ್ಕೆ ಯಾವುದು ಸಲ್ಲುತ್ತದೆ ಎಂಬುದೂ ಅಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆ ಬಿಟ್ಟು ಬರುವಾಗ ಭತ್ತ ಕುಗ್ಗಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ಕಣಜದ ಅನುಭವವುಳ್ಳ ಸಮಾಜವೊಂದೇ ಇಂಥ ಪರೀಕ್ಷೆಯನ್ನು ಊಹಿಸಲು ಸಾಧ್ಯ.

ಈ ಶಕ್ತಿಗೂ ಒಂದು ಮಿತಿ ಇತ್ತು. 1876ರಿಂದ 1878ರವರೆಗಿನ ಮಹಾ ಬರದಲ್ಲಿ ಮಳೆ ಮೇಲಿಂದ ಮೇಲೆ ಕೈಕೊಟ್ಟಾಗ ಹಗೇವುಗಳೂ ಬರಿದಾದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಒಂದು ವರ್ಷದ ಬರವನ್ನು ರಾಗಿ ದಾಟಿಸುತ್ತದೆ. ಹಗೇವು ತುಂಬಿದ್ದವರಿಗೆ ಎರಡನೆಯದನ್ನೂ ದಾಟಿಸೀತು. ಆದರೆ ತುಂಬಿದ ಹಗೇವು ಇದ್ದದ್ದು ಪಟೇಲರ, ಶಾನುಭೋಗರ, ದೊಡ್ಡ ಒಕ್ಕಲುಗಳ ಮನೆಯಲ್ಲಿ. ಆಳುಮಕ್ಕಳ ಮನೆಯಲ್ಲಿ ಇದ್ದದ್ದು ಮಡಕೆ. ಕಾಯುವ ಶಕ್ತಿ ಆಗಲೂ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಇನ್ನು ಎಕರೆಯ ಲೆಕ್ಕ. ಮಳೆ ಸರಿಯಾಗಿ ಹಿಡಿದ ವರ್ಷ ಮಳೆಯಾಶ್ರಯದ ಒಂದು ಎಕರೆಯಲ್ಲಿ ಹತ್ತು ಕ್ವಿಂಟಲ್ ರಾಗಿ ಬಂದರೆ ಒಳ್ಳೆಯ ಬೆಳೆ. ಕೈಕೊಟ್ಟ ವರ್ಷ ಮೂರೋ ನಾಲ್ಕೋ. ಕೇಂದ್ರ ಸರ್ಕಾರವೇ ಬೆಂಬಲ ಬೆಲೆಗೆ ಆಧಾರವಾಗಿ ಇಟ್ಟುಕೊಂಡ 2025-26ರ ಉತ್ಪಾದನಾ ವೆಚ್ಚ ಕ್ವಿಂಟಲಿಗೆ ₹3,257. ಇದರಲ್ಲಿ ಕೈಯಿಂದ ಕೊಟ್ಟ ಖರ್ಚಿನ ಜತೆಗೆ ಮನೆಯವರ ದುಡಿಮೆಗೂ ಬೆಲೆ ಕಟ್ಟಲಾಗಿದೆ, ಸ್ವಂತ ಭೂಮಿಯ ಬಾಡಿಗೆಯನ್ನು ಸೇರಿಸಿಲ್ಲ. ಹತ್ತು ಕ್ವಿಂಟಲನ್ನೂ ₹4,886ರಂತೆ ಮಾರಿದರೆ ಕೈಗೆ ಬರುವುದು ₹48,860. ಖರ್ಚು ₹32,570. ಉಳಿಯುವುದು ₹16,290. ನಾಲ್ಕೈದು ತಿಂಗಳು ಭೂಮಿ ಹಿಡಿದಿಟ್ಟ ಬೆಳೆಗೆ ಇಷ್ಟೇ. ಅದೂ ಮಳೆ ಒಲಿದು, ಕೇಂದ್ರದಲ್ಲಿ ಚೀಲ ತೂಗಿ, ಹಣ ಖಾತೆಗೆ ಬಂದರೆ. ಇಷ್ಟನ್ನೇ ನೋಡಿದ ಬ್ಯಾಂಕಿನವರೋ ಪೇಟೆಯ ನೆಂಟರೋ ರಾಗಿ ಯಾಕೆ ಬೆಳೀತೀರಿ, ಅಡಿಕೆ ಹಾಕಿ, ಶುಂಠಿ ಹಾಕಿ ಎಂದು ಹೇಳಿದರೆ ಆಶ್ಚರ್ಯವಿಲ್ಲ.

ಆದರೆ ಯಾವ ಒಕ್ಕಲೂ ಹತ್ತು ಕ್ವಿಂಟಲನ್ನೂ ಮಾರುವುದಿಲ್ಲ. ಐದು ಜನರ, ಮುದ್ದೆ ಉಣ್ಣುವ ಮನೆಗೆ ದಿನಕ್ಕೆ ಒಂದೂಕಾಲು ಕೆ.ಜಿ. ಹಿಟ್ಟು ಎಂದುಕೊಂಡರೂ ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ಬೇಕು. ಮನೆ ಖರ್ಚಿನ ಈ ರಾಗಿ ಯಾವ ಪೇಟೆಯ ಅಂಕಿಅಂಶದಲ್ಲೂ ಕಾಣುವುದಿಲ್ಲ. ಮಾರಿದ್ದರೆ ಕಾಳಿನ ಬೆಲೆ ಸಿಗುತ್ತಿತ್ತು. ಕೊಂಡಿದ್ದರೆ ಹಿಟ್ಟಿನ ಬೆಲೆ ಕೊಡಬೇಕಿತ್ತು. ಆ ಎರಡು ಬೆಲೆಗಳ ನಡುವಿನ ಅಂತರ, ಅಂಗಡಿಯವನ ಲಾಭ, ಸಾಗಣೆ, ಪ್ಯಾಕೆಟ್ಟು ಎಲ್ಲವೂ ಮನೆಯಲ್ಲೇ ಉಳಿದಂತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಇರುವುದು ಹತ್ತು ಮಿ.ಗ್ರಾಂ. ಆಸುಪಾಸು. ಬಸುರಿ ಬಾಣಂತಿಗೆ, ಬೆಳೆಯುವ ಮಕ್ಕಳಿಗೆ ಹೊರಗಿನಿಂದ ಕೊಳ್ಳದೆ ಸಿಗುವ ಪೌಷ್ಟಿಕಾಂಶ ಅದು. ಬಡ ಮನೆಯಲ್ಲಿ ಆರೋಗ್ಯವೂ ಖರ್ಚಿನ ಬಾಬ್ತೇ. ಉಳಿತಾಯವಾದರೆ ಅದು ಆದಾಯವೇ.

ರಾಗಿ ಹೊಲದಲ್ಲಿ ರಾಗಿಯೊಂದೇ ಇರುವುದಿಲ್ಲ ಎಂಬುದು ಎರಡನೆಯ ಸಂಗತಿ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ ಅಕ್ಕಡಿ ಸಾಲು ಬಿಡುತ್ತಾರೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಕೃಷಿ ವಿಶ್ವವಿದ್ಯಾಲಯ ಇಂದು ಶಿಫಾರಸು ಮಾಡುವ ಪದ್ಧತಿಯ ಬೇರು ಇರುವುದು ಈ ಹಳೆಯ ಅಕ್ಕಡಿಯಲ್ಲೇ. ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿನಲ್ಲಿ ಹರಳು. ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆ, ದೀಪಕ್ಕೆ ಹರಳೆಣ್ಣೆ ಎಲ್ಲವೂ ಅದೇ ಎಕರೆಯಿಂದ ಬರುತ್ತಿತ್ತು. ರಾಗಿ ಬೇರು ಮೇಲ್ಪದರದ ತೇವ ಹೀರಿದರೆ ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ರಾಗಿ ಕೊಯ್ದ ಮೇಲೆ ಅವರೆಗೆ ಇಬ್ಬನಿಯೇ ಸಾಕು. ಮಾಗಡಿ ಸೀಮೆಯ ಸೊಗಡು ಅವರೆಕಾಯಿ ಬೆಂಗಳೂರಿಗೆ ಬರುವುದು ಸರಿಯಾಗಿ ಆ ಹೊತ್ತಿಗೆ. ರಾಗಿಯ ಹಣ ಇನ್ನೂ ಕೈಗೆ ಬಾರದ ಡಿಸೆಂಬರ್–ಜನವರಿಯಲ್ಲಿ ಮನೆಯ ಹೆಂಗಸರ ಕೈಗೆ ನಗದು ತರುವುದು ಆ ಕಾಯಿ. ರಾಗಿ ಕಾಯಬೇಕಾದರೆ ಮನೆ ನಡೆಸಲು ಬೇರೊಂದು ಬೇಕಲ್ಲ, ಅದನ್ನೂ ಅದೇ ಹೊಲ ಒದಗಿಸುತ್ತಿತ್ತು. ಕಳೆನಾಶಕ ಬಂದ ಮೇಲೆ ಅಕ್ಕಡಿ ಸಾಲು ಹಲವು ಕಡೆ ಮಾಯವಾಗಿದೆ. ರಾಗಿಯನ್ನು ಬಿಟ್ಟು ಅಗಲ ಎಲೆಯ ಕಳೆಯನ್ನು ಸುಡುವ ಔಷಧಿ ಅವರೆಯನ್ನೂ ತೊಗರಿಯನ್ನೂ ಸುಡುತ್ತದೆ. ಕಳೆ ತೆಗೆಯುವ ಕೂಲಿ ಉಳಿಯಿತು ನಿಜ. ಆದರೆ ಸಾರಿನ ಬೇಳೆಯನ್ನು ಅಂಗಡಿಯಿಂದ ತರಬೇಕಾಯಿತು.

ಮೂರನೆಯದು ಹುಲ್ಲು. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ರಾಗಿಯ ಅರ್ಧ ಬೆಲೆ ಅಡಗಿರುವುದು ಹುಲ್ಲಿನಲ್ಲಿ. ಕಾಳಿನ ತೂಕಕ್ಕಿಂತ ಹುಲ್ಲಿನ ತೂಕ ಹೆಚ್ಚು, ಹಲವು ತಳಿಗಳಲ್ಲಿ ಒಂದೂವರೆಯಿಂದ ಎರಡು ಪಟ್ಟು. ಹತ್ತು ಕ್ವಿಂಟಲ್ ರಾಗಿ ಬಂದ ಎಕರೆಯಲ್ಲಿ ಎರಡು ಟನ್ನಿನ ಹತ್ತಿರ ಹುಲ್ಲು ಸಿಗುತ್ತದೆ. ಒಂದು ಸೀಮೆಹಸು ದಿನಕ್ಕೆ ಐದಾರು ಕೆ.ಜಿ. ಒಣಮೇವು ತಿನ್ನುತ್ತದೆ ಎಂದರೆ ವರ್ಷಕ್ಕೆ ಎರಡು ಟನ್. ಒಂದು ಎಕರೆ ರಾಗಿ, ಒಂದು ಹಸುವಿನ ವರ್ಷದ ಒಣಮೇವು. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲಿನಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಹೆಚ್ಚು. ದನ ಚಪ್ಪರಿಸಿ ತಿನ್ನುವುದನ್ನು ನೋಡಿದರೇ ವ್ಯತ್ಯಾಸ ತಿಳಿಯುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಹಾಸನ, ಮಂಡ್ಯದ ಹಾಲು ಒಕ್ಕೂಟಗಳು ಬೆಳೆದದ್ದು ಕೊಳವೆಬಾವಿಯ ಹಸಿಮೇವಿನಿಂದ ಮಾತ್ರ ಅಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿ ಹಸಿರು ಕಾಣದ ಹೊತ್ತಿಗೆ ಹಸುವನ್ನು ಹಿಡಿದು ನಿಲ್ಲಿಸುವುದು ಹಿತ್ತಲಿನ ರಾಗಿ ಹುಲ್ಲಿನ ಬಣವೆ. ಡೇರಿಯ ಬಟವಾಡೆ ನಿಗದಿಯಾದ ದಿನಕ್ಕೆ ಬರುತ್ತದೆ. ಒಣಭೂಮಿಯ ಮನೆಗೆ ಇರುವ ಸಂಬಳದಂಥ ಆದಾಯ ಅದೊಂದೇ. ಆ ಬಟವಾಡೆಯ ಹಿಂದೆ ರಾಗಿ ಇದೆ ಎಂಬುದನ್ನು ಬೆಳೆಯ ಲೆಕ್ಕ ಬರೆಯುವವರು ಒಂದು ಕಡೆಯೂ, ಹಾಲಿನ ಲೆಕ್ಕ ಬರೆಯುವವರು ಇನ್ನೊಂದು ಕಡೆಯೂ ಮರೆಯುತ್ತಾರೆ. ಹಸುವಿನ ಗೊಬ್ಬರ ಮತ್ತೆ ಹೊಲಕ್ಕೆ. ಮಳೆಯಾಶ್ರಯದ ಕೆಂಪು ಮಣ್ಣಿಗೆ ತೇವ ಹಿಡಿಯುವ ಗುಣ ಬರುವುದು ತಿಪ್ಪೆಗೊಬ್ಬರದಿಂದ. ಆ ಗೊಬ್ಬರವಿದ್ದ ಹೊಲ ಹದಿನೈದು ದಿನ ಮಳೆ ತಡವಾದರೂ ಬಾಡದೆ ನಿಲ್ಲುತ್ತದೆ.

ಹಾಗಾಗಿಯೇ ಕಟಾವು ಯಂತ್ರದ ವಿಷಯ ನನ್ನನ್ನು ಕಾಡುತ್ತದೆ. ಕೊಯ್ಲಿನ ಕಷ್ಟ ಗೊತ್ತಿದ್ದವರು ಯಂತ್ರವನ್ನು ಬೈಯಲಾರರು. ಬೆಳಗಿನ ಮಂಜಿನಲ್ಲಿ ಬಗ್ಗಿ ಕುಡುಗೋಲು ಹಿಡಿದು ಎಕರೆಗಟ್ಟಲೆ ಕೊಯ್ಯಲು ಆಳು ಸಿಗುವುದಿಲ್ಲ. ಮುಯ್ಯಾಳಿನ ಪದ್ಧತಿ ಬಹುಪಾಲು ನಿಂತುಹೋಗಿದೆ, ಮಕ್ಕಳು ಬಿಡದಿ, ಪೀಣ್ಯ, ನರಸಾಪುರದ ಕಾರ್ಖಾನೆಗಳಲ್ಲಿದ್ದಾರೆ. ಮೊದಲಾದರೆ ಕೊಯ್ದು, ಕಂತೆ ಕಟ್ಟಿ, ಮೆದೆ ಒಟ್ಟಿ, ಬಿಡುವಾದಾಗ ಕಣದಲ್ಲಿ ಹರಡಿ ರೋಣಗಲ್ಲು ಹೊಡೆಯುತ್ತಿದ್ದರು. ಮೆದೆಯಲ್ಲಿದ್ದ ರಾಗಿಯೂ ಕಾಯುತ್ತಿತ್ತು. ಕಣ ಹೋಗಿ ಟಾರು ರಸ್ತೆ ಬಂತು, ವಾಹನಗಳ ಚಕ್ರದಡಿ ಒಕ್ಕಣೆ ಮಾಡುವ ಅಪಾಯದ ರೂಢಿ ಬಂತು. ಈಗ ಕಂಬೈನ್ ಯಂತ್ರ ಹೊಲಕ್ಕಿಳಿದರೆ ಗಂಟೆ ಹೊತ್ತಿನಲ್ಲಿ ಕಾಳು ಚೀಲಕ್ಕೆ ಬೀಳುತ್ತದೆ. ಆದರೆ ಅದು ಹುಲ್ಲನ್ನು ತುಂಡರಿಸಿ ಚೆಲ್ಲುತ್ತದೆ. ಬುಡದಿಂದ ಒಂದು ಗೇಣು ಎತ್ತರಕ್ಕೆ ಕತ್ತರಿಸಿ ಉಳಿದದ್ದನ್ನು ಹೊಲದಲ್ಲೇ ಬಿಡುತ್ತದೆ. ಮಣ್ಣು ಮೆತ್ತಿದ ಆ ಚೂರನ್ನು ದನ ಮೂಸಿ ಬಿಡುತ್ತದೆ. ಕೂಲಿಯಲ್ಲಿ ಉಳಿದ ಹಣ ಮುಂದಿನ ಬೇಸಿಗೆಯಲ್ಲಿ ಮೇವು ಕೊಳ್ಳಲು ಹೋಗುತ್ತದೆ. ಎರಡು ಹಸುವಿನ ಮನೆಗೆ ಇದು ಸಣ್ಣ ನಷ್ಟವಲ್ಲ. ಬುಡಮಟ್ಟ ಕೊಯ್ದು ಸಾಲಾಗಿ ಮಲಗಿಸುವ ಚಿಕ್ಕ ಯಂತ್ರಗಳೂ ಇವೆ. ಹುಲ್ಲು ಉಳಿಸುವ ಅಂಥ ಯಂತ್ರ ರೈತ ಸಂಪರ್ಕ ಕೇಂದ್ರದಲ್ಲಿ ಬಾಡಿಗೆಗೆ ಹೋಬಳಿಗೆ ನಾಲ್ಕಾದರೂ ಸಿಕ್ಕಿದರೆ ಒಣಭೂಮಿಯ ಹೈನುಗಾರಿಕೆಗೆ ಅದಕ್ಕಿಂತ ದೊಡ್ಡ ನೆರವು ಬೇರೊಂದಿಲ್ಲ.

ಬೀಜದ ಕಥೆ ಬೇರೆಯದು, ಅದರಲ್ಲಿ ಹೆಮ್ಮೆ ಪಡಬೇಕಾದದ್ದಿದೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸುವುದು ಬಹಳ ನಾಜೂಕಿನ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ ದಶಕಗಳ ಕಾಲ ಆ ಕೆಲಸಕ್ಕೆ ಕೂತವರು ಡಾ. ಸಿ.ಎಚ್. ಲಕ್ಷ್ಮಣಯ್ಯ. ರಾಗಿ ಮೂಲತಃ ಆಫ್ರಿಕದ ಇಥಿಯೋಪಿಯ, ಉಗಾಂಡದ ಎತ್ತರದ ನೆಲದ ಬೆಳೆ, ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು. ಲಕ್ಷ್ಮಣಯ್ಯನವರು ಆಫ್ರಿಕದ ದಪ್ಪ ತೆನೆಯ ತಳಿಗಳನ್ನು ಇಲ್ಲಿನ ಹವೆಗೆ ಒಗ್ಗಿದ ತಳಿಗಳೊಂದಿಗೆ ಕೂಡಿಸಿದರು. ಎಪ್ಪತ್ತರ ದಶಕದಿಂದ ಬಂದ ಇಂಡಾಫ್ ಸರಣಿಯ ತಳಿಗಳು ಇಳುವರಿಯ ಮಟ್ಟವನ್ನೇ ಮೇಲಕ್ಕೆ ಒಯ್ದವು. ನಮ್ಮ ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದರು. ಮುಂದೆ ಕುತ್ತಿಗೆ ಮುರಿಯುವ ಬೆಂಕಿ ರೋಗ ಇಂಡಾಫ್ ತಳಿಗಳನ್ನು ಕಾಡಿದಾಗ, ಬೆಂಗಳೂರಿನ ಜಿಕೆವಿಕೆಯಲ್ಲಿ ಸಿದ್ಧವಾದ ಜಿಪಿಯು-28 ಆ ಜಾಗ ತುಂಬಿತು. ಇಂದಿಗೂ ಹೊಲಹೊಲದಲ್ಲಿ ಕೇಳಿಬರುವ ಹೆಸರು ಅದು. ಎಂಆರ್-1, ಎಂಎಲ್-365, ಕೆಎಂಆರ್ ತಳಿಗಳು ಅದರ ಪಕ್ಕಕ್ಕಿವೆ.

ಈ ತಳಿಗಳೆಲ್ಲ ಸಾರ್ವಜನಿಕ ಹಣದಲ್ಲಿ, ಸರ್ಕಾರಿ ಸಂಸ್ಥೆಗಳಲ್ಲಿ ಹುಟ್ಟಿದವು ಎಂಬುದನ್ನು ಒತ್ತಿ ಹೇಳಬೇಕು. ಹೈಬ್ರಿಡ್ ಮುಸುಕಿನ ಜೋಳ ಹಾಕುವವರು ಪ್ರತಿವರ್ಷ ಬೀಜದ ಪ್ಯಾಕೆಟ್ಟಿಗೆ ಕಂಪನಿಯ ಬಾಗಿಲಿಗೆ ಹೋಗಬೇಕು. ರಾಗಿಯವರು ಒಳ್ಳೆಯ ತೆನೆ ಆರಿಸಿ ತೆಗೆದಿಟ್ಟರೆ ಮೂರು ನಾಲ್ಕು ವರ್ಷ ಬೀಜದ ಚಿಂತೆಯಿಲ್ಲ. ಕೂರಿಗೆಗೆ ಎಕರೆಗೆ ನಾಲ್ಕೈದು ಕೆ.ಜಿ. ಬೀಜ ಸಾಕು, ನಾಟಿಗೆ ಇನ್ನೂ ಕಡಿಮೆ. ಪುನರ್ವಸು ಮಳೆ ಬರುವುದೋ ಇಲ್ಲವೋ ಎಂದು ಅನುಮಾನವಿದ್ದಾಗಲೂ ಒಕ್ಕಲು ಧೈರ್ಯವಾಗಿ ಬಿತ್ತಬಲ್ಲರು, ಏಕೆಂದರೆ ಕಳೆದುಕೊಳ್ಳುವುದು ಕಡಿಮೆ. ಮೊದಲ ಬಿತ್ತನೆ ಒಣಗಿದರೆ ಇನ್ನೊಮ್ಮೆ ಬಿತ್ತುವಷ್ಟು ಬೀಜ ಮನೆಯಲ್ಲೇ ಇರುತ್ತದೆ. ಹಾವೇರಿ ಜಿಲ್ಲೆಯ ರೈತರು ಗುಳಿ ರಾಗಿ ಎಂಬ ಪದ್ಧತಿಯನ್ನೇ ಕಂಡುಕೊಂಡಿದ್ದಾರೆ. ಚೌಕಚೌಕವಾಗಿ ಗುಳಿ ಮಾಡಿ, ಗೊಬ್ಬರ ಹಾಕಿ, ಗುಳಿಗೆ ಎರಡು ಪೈರು ನೆಟ್ಟು, ಬೇರೂರಿದ ಮೇಲೆ ಕೊರಡು ಎಳೆದು ಪೈರನ್ನು ಬಾಗಿಸುತ್ತಾರೆ. ಬಾಗಿದ ಪೈರು ತೆಂಡೆ ಒಡೆದು ದಟ್ಟವಾಗುತ್ತದೆ. ಅಂತರವಿರುವುದರಿಂದ ಎಡೆಕುಂಟೆ ಎರಡೂ ದಿಕ್ಕಿಗೆ ಆಡುತ್ತದೆ. ಮಾಮೂಲಿ ಬಿತ್ತನೆಯ ಒಂದೂವರೆ ಪಟ್ಟಿಗೂ ಮೀರಿ ಬೆಳೆದವರಿದ್ದಾರೆ.

ಇಷ್ಟೆಲ್ಲ ಗುಣವಿದ್ದೂ ರಾಗಿಯ ಭೂಮಿ ಕುಗ್ಗಿದೆ. ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಬೆಳೆಯುವ ಕರ್ನಾಟಕದಲ್ಲಿ ಒಂದು ಕಾಲಕ್ಕೆ ಹತ್ತು ಲಕ್ಷ ಹೆಕ್ಟೇರಿನಷ್ಟಿದ್ದ ವಿಸ್ತಾರ ಈಚಿನ ವರ್ಷಗಳಲ್ಲಿ ಏಳೆಂಟು ಲಕ್ಷದ ಆಚೀಚೆ ಆಡುತ್ತಿದೆ. ಕೋಲಾರದಲ್ಲಿ, ಬೆಂಗಳೂರು ಗ್ರಾಮಾಂತರದಲ್ಲಿ ಮೊದಲು ನೀಲಗಿರಿ, ಆಮೇಲೆ ಲೇಔಟು. ಹಾಸನ, ಚಿತ್ರದುರ್ಗದಲ್ಲಿ ಮುಸುಕಿನ ಜೋಳ. ತುಮಕೂರು, ಕಡೂರಿನಲ್ಲಿ ಕೊಳವೆಬಾವಿ ಕೊರೆದು ಅಡಿಕೆ. ಜನರನ್ನು ದೂರುವಂತಿಲ್ಲ. 2017-18ರಲ್ಲಿ ರಾಗಿಯ ಬೆಂಬಲ ಬೆಲೆ ₹1,900 ಇತ್ತು. ಆ ಬೆಲೆಗೆ ಯಾರು ಬೆಳೆದಾರು? ವೆಚ್ಚದ ಒಂದೂವರೆ ಪಟ್ಟು ಕೊಡುವುದಾಗಿ ಕೇಂದ್ರ ಸರ್ಕಾರ 2018ರ ಬಜೆಟ್ಟಿನಲ್ಲಿ ಘೋಷಿಸಿದ ಮೇಲೆ 2018-19ರಲ್ಲಿ ಅದು ಒಮ್ಮೆಲೇ ₹2,897ಕ್ಕೆ ಏರಿತು. 2022-23ಕ್ಕೆ ₹3,578, ಮರುವರ್ಷ ₹3,846, 2024-25ಕ್ಕೆ ₹4,290. ಬೆಲೆ ಏರಿದ ಕೂಡಲೇ ಕೇಂದ್ರಗಳ ಮುಂದೆ ಸಾಲು ಬೆಳೆಯಿತು.

ಸಾಲು ಬೆಳೆದದ್ದೇ ತಡ, ಮಿತಿ ಬಂತು. 2021-22ರಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಂದ ಮಾತ್ರ, ಒಬ್ಬರಿಂದ ಗರಿಷ್ಠ 20 ಕ್ವಿಂಟಲ್ ಮಾತ್ರ ಎಂಬ ಕಟ್ಟಳೆ ಬಂದಾಗ ವಿಧಾನಸಭೆಯಲ್ಲೇ ಗದ್ದಲವಾಯಿತು. ಮಿತಿ ಹಾಕಿದ್ದಕ್ಕೆ ಸರ್ಕಾರಕ್ಕೂ ಕಾರಣವಿತ್ತು. ಕೊಂಡ ರಾಗಿಯನ್ನು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲೇ ಹಂಚಿ ಮುಗಿಸಬೇಕು. ಆದರೆ ಕೊಯ್ಲು ನವೆಂಬರ್–ಡಿಸೆಂಬರಿನಲ್ಲಿ, ಖರೀದಿ ಚುರುಕಾಗುವುದು ಜನವರಿ ಕಳೆದ ಮೇಲೆ. ನಡುವಿನ ಆ ಎರಡು ತಿಂಗಳೇ ಬಡ ಒಕ್ಕಲಿನ ಬೆಲೆಯನ್ನು ನಿರ್ಧರಿಸುವುದು. ಕೇಂದ್ರ ತೆರೆಯುವ ಹೊತ್ತಿಗೆ ಅವರ ಕಣಜದಲ್ಲಿ ಉಣ್ಣುವಷ್ಟು ಮಾತ್ರ ಉಳಿದಿರುತ್ತದೆ. ಮಾರಿದ ರಾಗಿ ಇನ್ನೊಬ್ಬರ ಪಹಣಿಯ ಮೇಲೆ ಅದೇ ಕೇಂದ್ರಕ್ಕೆ ಹೋಗಿ ಪೂರ್ತಿ ಬೆಲೆಗೆ ಮಾರಾಟವಾಗುವುದೂ ಉಂಟು. ಬೆಂಬಲ ಬೆಲೆ ಯಾರನ್ನು ಬೆಂಬಲಿಸಿತು ಎಂದು ಆಗ ಕೇಳಬೇಕಾಗುತ್ತದೆ.

ರಾಗಿ ಕೆಡದೆ ಕಾಯುತ್ತದೆ, ಸಾಲ ಕಾಯುವುದಿಲ್ಲ. ಈ ಅಂತರವನ್ನು ತುಂಬುವುದು ಕಷ್ಟದ ವಿದ್ಯೆಯೇನಲ್ಲ. ಈರುಳ್ಳಿ, ಟೊಮೆಟೊಗೆ ಶೈತ್ಯಾಗಾರ ಬೇಕು, ರಾಗಿಗೆ ಒಣಗಿದ ಕೋಣೆ ಸಾಕು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಗೋದಾಮಿನಲ್ಲಿ ಡಿಸೆಂಬರಿನಲ್ಲೇ ಚೀಲ ಇಳಿಸಿಕೊಂಡು, ಅದರ ಮೇಲೆ ಬೆಲೆಯ ಅರ್ಧವನ್ನೋ ಮುಕ್ಕಾಲನ್ನೋ ಕೈಗೆ ಕೊಟ್ಟರೆ ಕಣದ ವ್ಯಾಪಾರಿಯ ಹಿಡಿತ ಅಲ್ಲಿಗೇ ಸಡಿಲವಾಗುತ್ತದೆ. ಅಡಮಾನ ಸಾಲದ ಸೌಲಭ್ಯ ಎಪಿಎಂಸಿಗಳಲ್ಲಿ ಕಾಗದದ ಮೇಲೆ ಬಹುಕಾಲದಿಂದ ಇದೆ. ಅದು ತಾಲ್ಲೂಕಿನ ಯಾರ್ಡಿನಿಂದ ಊರಿನ ಸೊಸೈಟಿಗೆ ಇಳಿಯಬೇಕು. ವರ್ಷಗಟ್ಟಲೆ ಕೆಡದ ಧಾನ್ಯಕ್ಕಿಂತ ಒಳ್ಳೆಯ ಅಡಮಾನ ಯಾವ ಬ್ಯಾಂಕಿಗೆ ಸಿಕ್ಕೀತು?

ಪೇಟೆಯಲ್ಲಿ ರಾಗಿಯ ಅದೃಷ್ಟ ತಿರುಗಿದೆ. ಸಕ್ಕರೆ ಕಾಯಿಲೆಯ ಭಯದಿಂದಲೋ, 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ್ದರಿಂದಲೋ, ಒಂದು ಕಾಲಕ್ಕೆ ಮುದ್ದೆಯನ್ನು ಕೀಳಾಗಿ ಕಂಡವರೇ ಇಂದು ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ಮೊಳಕೆ ರಾಗಿಯ ಪುಡಿಗೆ ದುಬಾರಿ ಬೆಲೆ ಕೊಡುತ್ತಿದ್ದಾರೆ. ಸಿಪ್ಪೆ ಬಿಡಿಸಿದರೆ ಪುಡಿಯಾಗುವ ರಾಗಿಯನ್ನು ಅಕ್ಕಿಯಂತೆ ಇಡಿಯಾಗಿ ಬೇಯಿಸಲು ಬರುವಂತೆ ಮಾಡುವ ವಿಧಾನವನ್ನು ಮೈಸೂರಿನ ಸಿಎಫ್‌ಟಿಆರ್‌ಐ ರೂಪಿಸಿ ಕೊಟ್ಟಿದೆ. ಈ ಹಣದಲ್ಲಿ ಹೊಲದವರಿಗೆ ಬರುವ ಪಾಲು ಚಿಕ್ಕದು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸುವ ವಿದ್ಯೆ ನಮ್ಮ ಅಜ್ಜಿಯಂದಿರದೇ. ಹುರಿಹಿಟ್ಟು, ಎಳೆಮಕ್ಕಳ ರಾಗಿ ಸರಿ ಅವರಿಗೆ ಯಾರೂ ಕಲಿಸಿದ್ದಲ್ಲ. ಅದನ್ನು ಪ್ಯಾಕೆಟ್ಟಿಗೆ ತುಂಬುವ ಕೆಲಸ ಊರಿನ ಹೆಂಗಸರ ಸಂಘದಿಂದ ದೂರ ಉಳಿದದ್ದು ಬಂಡವಾಳದ ಕೊರತೆಯಿಂದ, ಖಾತರಿಯಾಗಿ ಕೊಳ್ಳುವವರು ಇಲ್ಲದ್ದರಿಂದ.

ಒಡಿಶಾ ಈ ಗಂಟನ್ನು ಬಿಡಿಸಲು ಹೊರಟದ್ದು ಊಟದ ಕಡೆಯಿಂದ. 2017ರಲ್ಲಿ ಆರಂಭವಾದ ಅಲ್ಲಿನ ಸಿರಿಧಾನ್ಯ ಅಭಿಯಾನ ಆದಿವಾಸಿ ರೈತರಿಂದ ಬೆಂಬಲ ಬೆಲೆಗೆ ರಾಗಿ ಕೊಂಡದ್ದರ ಜತೆಗೆ ಕ್ಯೊಂಝರ್ ಜಿಲ್ಲೆಯ ಅಂಗನವಾಡಿ ಮಕ್ಕಳಿಗೆ ರಾಗಿ ಉಂಡೆ ಕೊಡಲು ಶುರು ಮಾಡಿತು, ಆ ಉಂಡೆ ಕಟ್ಟುವ ಕೆಲಸವನ್ನು ಸ್ವಸಹಾಯ ಸಂಘಗಳಿಗೆ ವಹಿಸಿತು. ನಮ್ಮಲ್ಲೂ 2024ರ ಫೆಬ್ರುವರಿಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಹೆಲ್ತ್ ಮಿಕ್ಸ್ ಬೆರೆಸಿ ಕೊಡಲಾಗುತ್ತಿದೆ. ಆ ಹಾಲು ಬರುವುದು ಹಾಲು ಒಕ್ಕೂಟಗಳಿಂದ, ಅದರ ಹಿಂದೆ ರಾಗಿ ಹುಲ್ಲು ಇದೆ. ಲೋಟದೊಳಗಿನ ಪುಡಿಯನ್ನೂ ಆಯಾ ತಾಲ್ಲೂಕಿನ ಸಂಘವೇ, ಆಯಾ ತಾಲ್ಲೂಕಿನ ರಾಗಿಯಿಂದಲೇ ಮಾಡಿಕೊಡುವ ಏರ್ಪಾಡಾದರೆ ವರ್ಷವಿಡೀ ನಡೆಯುವ ಗಿರಾಕಿ ಮನೆ ಬಾಗಿಲಿಗೇ ಬಂದಂತೆ.

ಇವೆಲ್ಲದರಿಂದಲೂ ಹೊರಗೇ ಉಳಿಯುವವರು ವಾರಕ್ಕೆ, ಎಂದರೆ ಬೆಳೆಯ ಪಾಲಿಗೆ, ಹೊಲ ಮಾಡುವವರು. ಊರು ಬಿಟ್ಟು ಬೆಂಗಳೂರು ಸೇರಿದವರ ಜಮೀನನ್ನು ಇಂದು ಉಳುತ್ತಿರುವವರು ಬಹುಮಟ್ಟಿಗೆ ಭೂಮಿ ಇಲ್ಲದವರು, ಅರ್ಧ ಎಕರೆಯ ಒಡೆಯರು, ಗಂಡ ತೀರಿಕೊಂಡ ಮೇಲೂ ಪಹಣಿ ಮಾವನ ಹೆಸರಿನಲ್ಲೇ ಉಳಿದಿರುವ ಹೆಂಗಸರು. ಬಿತ್ತಿದವರು ಅವರು, ಹಲುಬೆ ಹೊಡೆದವರು ಅವರು, ಕೊಯ್ದು ಮೆದೆ ಒಟ್ಟಿದವರೂ ಅವರೇ. ಖರೀದಿ ಕೇಂದ್ರದ ಕಂಪ್ಯೂಟರಿನಲ್ಲಿ ಮಾತ್ರ ಅವರ ಹೆಸರಿಲ್ಲ, ಏಕೆಂದರೆ ನೋಂದಣಿ ನಡೆಯುವುದು ಭೂಮಿಯ ದಾಖಲೆಯ ಮೇಲೆ. ಬೆಳೆ ಸಮೀಕ್ಷೆಗೆ ಮೊಬೈಲು ಹಿಡಿದು ಪ್ರತಿ ಸರ್ವೆ ನಂಬರಿಗೂ ಹೋಗಿ ಯಾವ ಬೆಳೆ ಇದೆ ಎಂದು ಫೋಟೊ ತೆಗೆಯುವ ವ್ಯವಸ್ಥೆ ರಾಜ್ಯದಲ್ಲಿ ಈಗಾಗಲೇ ಇದೆ. ಆ ಫೋಟೊ ತೆಗೆಯುವಾಗಲೇ ಹೊಲದಲ್ಲಿ ನಿಂತ ಉಳುವವರ ಹೆಸರನ್ನೂ ಬರೆದುಕೊಂಡು, ಆ ಹಂಗಾಮಿನ ಬೆಳೆಗಷ್ಟೇ ಸಲ್ಲುವ ಚೀಟಿ ಕೊಟ್ಟರೆ ಯಾರ ಒಡೆತನಕ್ಕೂ ಧಕ್ಕೆ ಬಾರದು. ಆ ಚೀಟಿ ಕೈಯಲ್ಲಿದ್ದರೆ ಮುಂದಿನ ಸುಗ್ಗಿಯಲ್ಲಿ ಕಣಕ್ಕೆ ಬಂದ ವ್ಯಾಪಾರಿಗೆ ಅವರೂ ಫೆಬ್ರುವರಿಗೆ ಬನ್ನಿ ಎನ್ನಬಹುದು.